ಭಜನೆ ಮನೆಯ ಶ್ರುತಿಗೆ ಕಟ್ಟಿದ ಮೆಟಲ್ ಬ್ಯಾಂಡು

ಆಷಾಢದಲ್ಲಿ ಮದುವೆಗಳಿಲ್ಲ, ಹಾಗಾಗಿ ಬ್ಯಾಂಡ್ ಸೆಟ್ಟಿನವರು ಪುರುಸೊತ್ತಾಗಿ ಸಿಗುವ ತಿಂಗಳು ಅದು. ನಮ್ಮ ಮೊದಲ ಆಲ್ಬಮ್ಮಿನ ಒಂದು ಹಾಡಿಗೆ ಟ್ರಂಪೆಟ್ ಬೇಕಾಗಿತ್ತು. ಕೀಬೋರ್ಡಿನ ಗುಂಡಿ ಒತ್ತಿ ಬರಿಸುವ ಟ್ರಂಪೆಟ್ ಬೇಡ, ಉಸಿರು ಹಾಕಿ ಊದುವವರೇ ಬೇಕು ಎಂದು ಹಠ ಹಿಡಿದವನು ನಾನು. ಹಠ ಹಿಡಿದವನೇ ಓಡಾಡಬೇಕು ಎಂದು ಉಳಿದವರು ತೀರ್ಮಾನ ಮಾಡಿಬಿಟ್ಟರು. ಸರಿ, ಚಿತ್ರದುರ್ಗದ ಒಂದು ಮೆರವಣಿಗೆಯಲ್ಲಿ ಹಿಂದೊಮ್ಮೆ ಕೇಳಿ ಬೆರಗಾಗಿದ್ದ ಬ್ಯಾಂಡ್ ಮಾಸ್ಟರರ ಮನೆ ಹುಡುಕಿಕೊಂಡು ಹಿರಿಯೂರಿಗೆ ಬೈಕ್ ಬಿಟ್ಟೆ. ಎದುರುಗಾಳಿಗೆ ಬೈಕು ಮುಂದಕ್ಕಿಂತ ಪಕ್ಕಕ್ಕೇ ಹೆಚ್ಚು ಹೋಯಿತು.

"ಬರ್ರಿ, ಕುಂತ್ಕಳ್ರಿ. ಶ್ರಾವಣದಾಗೆ ಯಾವತ್ತು ಐತೆ ಮದ್ವೆ?" ಎಂದರು ಮಾಸ್ಟರು, ಬಂದವನು ಹೆಣ್ಣಿನ ಕಡೆಯವನೋ ಗಂಡಿನ ಕಡೆಯವನೋ ಇರಬೇಕೆಂದುಕೊಂಡು.

"ಮದ್ವೆ ಅಲ್ಲ ಮಾಸ್ಟ್ರೇ, ರೆಕಾರ್ಡಿಂಗು. ನಮ್ದು ಫಂಕ್ ಮೆಟಲ್ ಬ್ಯಾಂಡು."

"ಅಂದ್ರೆ ಹೆಂಗಿರ್ತೈತೆ?"

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಗಿಟಾರು ಗುಡುಗುತ್ತಿರಬೇಕು, ಆದರೆ ಕೇಳುವವರ ಸೊಂಟ ಕೂತಲ್ಲೇ ಆಡಬೇಕು, ಅಷ್ಟೇ ಎಂದೆ. ನಾನು ಬೇಸ್ ಗಿಟಾರಿನವನು, ಹೆಬ್ಬೆರಳಿನಿಂದ ತಂತಿಗೆ ಹೊಡೆಯುವುದು ನನ್ನ ಕೆಲಸ ಎಂದು ತೊಡೆಯ ಮೇಲೆ ಬಡಿದು ತೋರಿಸಿದೆ. ಮಾಸ್ಟರು ಆ ಬಡಿತಕ್ಕೆ ತಲೆ ಆಡಿಸುತ್ತ ಸ್ವಲ್ಪ ಹೊತ್ತು ಕೇಳಿದರು.

"ಹಂಗಾದ್ರೆ ನಮ್ ಕೆಲಸಾನೇ ಬಿಡಪ್ಪ. ಮೆರವಣಿಗೆನಾಗೆ ನಾವು ಮಾಡಾದೂ ಅದೇಯ," ಎಂದರು. ಬಹುವಚನ ಹೋಗಿ ಏಕವಚನ ಬಂದಿತ್ತು, ಅಲ್ಲಿಗೆ ನಾನು ಮನೆಯವನಾದೆ.

ಆಮೇಲೆ ಅವರು ಮೇಲ್ದುಟಿ ಎತ್ತಿ, ಮುಂದಿನ ಎರಡು ಹಲ್ಲುಗಳನ್ನು ಬೆರಳಿನಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿಸಿ ತೋರಿಸಿದರು. ಟ್ರಂಪೆಟ್ಟಿನ ಮೌತ್‌ಪೀಸು ಕೂರುವುದು ತುಟಿಯ ಮೇಲೆ, ಆ ತುಟಿಗೆ ಆಸರೆ ಅದರ ಹಿಂದಿರುವ ಈ ಹಲ್ಲುಗಳೇ. ದುರ್ಗದ ಹಲ್ಲಿನ ಡಾಕ್ಟರು ಎರಡನ್ನೂ ಕೀಳಲೇಬೇಕು ಎಂದಿದ್ದರಂತೆ. ಮೂಳೆಯೇ ಸವೆದಿದೆ, ಹಲ್ಲು ಕಟ್ಟಿಸಿಕೊಂಡರೂ ಊದುವ ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದ್ದರಂತೆ. ಭೀಮನ ಅಮಾವಾಸ್ಯೆ ಕಳೆದ ಕೂಡಲೇ ಕೀಳುವುದೆಂದು ಮಾತಾಗಿತ್ತು.

"ಹಲ್ಲು ಹೋಗ್ಲಿ, ಅದಕ್ಕೇನ್ ಬ್ಯಾಸರ ಇಲ್ಲ," ಎಂದರು ಮಾಸ್ಟರು. "ನೀನು ಮದ್ವೆ ವೀಡ್ಯೋ ನೋಡಿದೀಯಾ? ಗಂಡು ಹೆಣ್ಣು ಬರ್ತಿರ್ತಾರೆ, ಮುಂದೆ ನಾವು ಗಲ್ಲ ಉಬ್ಬುಸ್ಕಂಡು ಊದ್ತಿರ್ತೀವಿ. ಕೇಳ್ಸಾದು ಮಾತ್ರ ಸಿನಿಮಾ ಹಾಡು. ವೀಡ್ಯೋದೋನು ನಮ್ದೆಲ್ಲ ಅಳಿಸಿ ಅದನ್ನ ಹಾಕಿರ್ತಾನೆ. ನನ್ ಮಗಳ ಮದ್ವೆನಾಗೆ ನಾನೇ ಊದಿದ್ದು, ಅದ್ರಾಗೂ ಹಂಗೇ ಮಾಡ್ಯವ್ನೆ. ಎಷ್ಟ್ ಊದಿದೀನಿ, ಒಂದ್ ಕಡೆನಾದ್ರೂ ಉಳೀಲಿ ಕಣಪ್ಪ. ಅಷ್ಟೇಯ."

ಟೀ ತಂದುಕೊಟ್ಟ ಅವರ ಹೆಂಡತಿ, "ಕರ್ಕಂಡೋಗಪ್ಪ, ಮನೆಗಿದ್ರೆ ನನ್ ತಲೆ ತಿಂತಾರೆ," ಎಂದರು. ಅಮಾವಾಸ್ಯೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಟ್ರಂಪೆಟ್ಟಿನ ಭಾಗ ಒಂದು ಮಧ್ಯಾಹ್ನದ ಕೆಲಸ, ಏನೂ ತೊಂದರೆ ಇಲ್ಲ ಎಂದು ಧೈರ್ಯ ಹೇಳಿ ಬಂದೆ.

ನಮ್ಮ ಅಭ್ಯಾಸದ ಜಾಗ ಇರುವುದು ಹೊಸದುರ್ಗದ ಹತ್ತಿರ, ಬಾಗೂರಿನಲ್ಲಿ. ಮೆಟಲ್ ಬ್ಯಾಂಡಿಗೆ ಯಾರೂ ಸುಲಭಕ್ಕೆ ಜಾಗ ಕೊಡುವುದಿಲ್ಲ. ಚಿತ್ರದುರ್ಗದಲ್ಲಿ ನನ್ನ ಮೋಟರ್ ವೈಂಡಿಂಗ್ ಅಂಗಡಿಯ ಹಿಂದೆ ಬಾರಿಸಿದಾಗ ಅಕ್ಕಪಕ್ಕದವರು ಜಗಳಕ್ಕೂ ಬರಲಿಲ್ಲ, ಬಂದು ಕೈಮುಗಿದರು. ಕೈಮುಗಿದವರ ಎದುರು ಏನು ಮಾಡಲು ಬರುತ್ತದೆ. ಹೊಳಲ್ಕೆರೆಯ ನಮ್ಮ ಡ್ರಮ್ಸಿನವನ ಮನೆಯಲ್ಲಿ ಎಮ್ಮೆ ಹಾಲು ಕೊಡುವುದನ್ನೇ ಬಿಟ್ಟಿತು. ಕೊನೆಗೆ ಬಾಗೂರಿನ ಅಜ್ಜ ಒಬ್ಬರು ತಮ್ಮ ಹಿರಿಯರು ಕಟ್ಟಿಸಿದ್ದ ಹಳೆಯ ಭಜನೆ ಮನೆಯ ಬೀಗದ ಕೈ ಕೊಟ್ಟರು. ಊರಾಚೆ, ತೆಂಗಿನ ತೋಟಗಳ ಮಗ್ಗುಲಲ್ಲಿ, ದಪ್ಪ ಗೋಡೆ, ಮೇಲೆ ತಗಡಿನ ಮಾಡು. ಭಜನೆಯ ಸೋಮವಾರ ಬಿಟ್ಟು ಉಳಿದ ದಿನ ಬೇಕಾದ್ದು ಬಾರಿಸಿಕೊಳ್ಳಿ ಎಂದರು. ಅವರದು ಒಂದೇ ಷರತ್ತು, ಆ ಮನೆಯಲ್ಲಿ ಮೊದಲು ಒಂದು ತತ್ವಪದ ಆಗಬೇಕು, ಆಮೇಲೆ ನಿಮ್ಮ ಗಲಾಟೆ.

ಅದಕ್ಕೇನು, ಹಾಡುತ್ತೇವೆ ಎಂದೆವು. ಅಂದಿನಿಂದ ನಮ್ಮ ಪ್ರತಿ ಅಭ್ಯಾಸವೂ ಹಾಗೇ ಶುರುವಾಗುತ್ತದೆ. ಅಜ್ಜ ಹಾರ್ಮೋನಿಯಂ ತಿದಿ ಒತ್ತುತ್ತಾರೆ, ನಮ್ಮ ಗಾಯಕಿ ಒಂದು ಪದ ಹಾಡುತ್ತಾಳೆ, ನಾವು ತಾಳ ಹಾಕುತ್ತೇವೆ. ಗಾಯಕಿ ಹೊಸದುರ್ಗದಲ್ಲಿ ಪಿಯು ಕಾಲೇಜಿನ ಗಣಿತದ ಮೇಡಂ. ತರಗತಿಯಲ್ಲಿ ದನಿ ಏರಿಸದ ಮನುಷ್ಯಳು, ಮೈಕಿನ ಮುಂದೆ ಕೂಗಿದರೆ ತಗಡು ಅದುರುತ್ತದೆ. ಪದ ಮುಗಿದ ಮೇಲೆ ಅಜ್ಜ ವಿಭೂತಿ ಸರಿಮಾಡಿಕೊಂಡು ಎದ್ದು ಹೋಗುತ್ತಾರೆ, ನಾವು ಆಂಪ್ಲಿಫೈಯರ್ ಹಾಕುತ್ತೇವೆ.

ಹಾರ್ಮೋನಿಯಂ ಎದುರಿಗೇ ಇದ್ದುದರಿಂದ ಗಿಟಾರನ್ನೂ ಬೇಸನ್ನೂ ಅದಕ್ಕೇ ಶ್ರುತಿ ಮಾಡಿಕೊಳ್ಳುತ್ತಿದ್ದೆವು. ಶ್ರುತಿ ನೋಡುವ ಸಣ್ಣ ಯಂತ್ರ ಒಂದಿತ್ತು, ಅದು ಕೆಟ್ಟ ಮೇಲೆ ಯಾರೂ ಹೊಸದು ತರಲಿಲ್ಲ. ಬೇರೆ ಊರಿಗೆ ಕಾರ್ಯಕ್ರಮಕ್ಕೆ ಹೋದಾಗ ಬೇಕಾಗುತ್ತದೆಂದು ಹಾರ್ಮೋನಿಯಂನ ಬಿಳಿ ಎರಡನೇ ಮನೆಯ ನಾದವನ್ನು ನನ್ನ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದೆ. ವೇದಿಕೆಯ ಹಿಂದೆ ನಿಂತು ಅದನ್ನು ಕಿವಿಗೆ ಹಿಡಿದು ತಂತಿ ಬಿಗಿಯುತ್ತಿದ್ದೆವು. ಎಷ್ಟು ಶಿಸ್ತು ನಮ್ಮದು ಎಂದು ನನಗೆ ಒಳಗೊಳಗೇ ಜಂಬವೂ ಇತ್ತು.

ಮಾಸ್ಟರು ಹೇಳಿದ ದಿನ ಬಸ್ಸಿನಲ್ಲಿ ಹೊಸದುರ್ಗಕ್ಕೆ ಬಂದಿಳಿದರು. ಡ್ರಮ್ಸಿನವನು ತನ್ನ ಗೂಡ್ಸ್ ಆಟೋದಲ್ಲಿ ಕರೆತಂದ. ಹೊಳಲ್ಕೆರೆಯಲ್ಲಿ ಗೂಡ್ಸ್ ಆಟೋ ಓಡಿಸುವುದೇ ಅವನ ಜೀವನ, ನಮ್ಮ ಬ್ಯಾಂಡಿಗೆ ಅವನ ಅರ್ಧ ಉಪಯೋಗ ಡ್ರಮ್ಸು, ಇನ್ನರ್ಧ ಆ ಆಟೋ. ಮಾಸ್ಟರು ಮದುವೆಯ ಕೆಂಪು ಕೋಟು ಹಾಕಿಕೊಂಡೇ ಬಂದಿದ್ದರು. ರೆಕಾರ್ಡಿಂಗಿನಲ್ಲಿ ಬಟ್ಟೆ ಕಾಣುವುದಿಲ್ಲ ಎಂದು ಹೇಳುವ ಮನಸ್ಸು ಯಾರಿಗೂ ಬರಲಿಲ್ಲ.

ಪದ ಆಯಿತು. ಮಾಸ್ಟರು ಕೈಮುಗಿದು ಕೇಳಿದರು, ನಡುವೆ ಒಂದು ಸಲ ಹುಬ್ಬು ಗಂಟಿಕ್ಕಿದ್ದನ್ನು ನಾನು ನೋಡಿದೆ. ಆಮೇಲೆ ನಾವು ಬೇಸಿಗೆಯಿಡೀ ಕೂತು ರೆಕಾರ್ಡ್ ಮಾಡಿದ್ದ ಹಾಡನ್ನು ಸ್ಪೀಕರಿನಲ್ಲಿ ಹಾಕಿದೆ. ಅವರ ಜಾಗ ಬಂದಾಗ ಕೈ ತೋರಿಸಿದೆ. ಅವರು ಊದಿದರು.

ಅಯ್ಯೋ ಶಿವನೇ, ಆ ಸದ್ದು ಏನೆಂದು ಹೇಳಲಿ. ಹಾಡೊಂದು ಕಡೆ, ಟ್ರಂಪೆಟ್ಟು ಒಂದು ಕಡೆ, ಎರಡರ ನಡುವೆ ವೊಂವೊಂ ಎಂಬ ಅಲೆ. ಗಿಟಾರಿನವನು ನನ್ನ ಕಡೆ ನೋಡಿ ಬಾಯಿ ಸೊಟ್ಟ ಮಾಡಿದ. ಹಲ್ಲಿನಿಂದಲೇ ಹೀಗಾಗುತ್ತಿದೆ, ಪಾಪ ಮನುಷ್ಯನ ಕಾಲ ಆಗಲೇ ಮುಗಿದಿದೆ ಎಂದುಕೊಂಡೆ. ಇದನ್ನು ಅವರಿಗೆ ಹೇಗೆ ಹೇಳುವುದು?

ಮಾಸ್ಟರು ಟ್ರಂಪೆಟ್ ಇಳಿಸಿ, "ನಿಮ್ದು ಏರೈತೆ," ಎಂದರು.

"ಇಲ್ಲ ಮಾಸ್ಟ್ರೇ, ನಮ್ದು ಸರಿ ಐತೆ. ಹಾರ್ಮೋನಿಯಂಗೇ ಮಾಡಿರಾದು."

"ಅದೂ ಏರೈತೆ."

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಗಂಟಲವರೆಗೆ ಬರುವಷ್ಟರಲ್ಲಿ ಗಾಯಕಿ ತನ್ನ ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಹಾಕಿಕೊಂಡು ಒಂದೊಂದನ್ನೇ ಪರೀಕ್ಷೆ ಮಾಡತೊಡಗಿದಳು. ಮಾಸ್ಟರರ ಟ್ರಂಪೆಟ್ಟಿಗೆ ಮುಳ್ಳು ಸರಿಯಾಗಿ ನಡುವೆ ನಿಂತಿತು. ಗಿಟಾರಿಗೆ ಎರಡು ಸ್ವರಗಳ ಮಧ್ಯದಲ್ಲಿ ತ್ರಿಶಂಕುವಾಯಿತು. ಬೇಸಿಗೂ ಅಲ್ಲೇ. ರೆಕಾರ್ಡ್ ಮಾಡಿದ ಹಾಡಿಗೂ ಅಲ್ಲೇ. ಕೊನೆಗೆ ಹಾರ್ಮೋನಿಯಂ ಒತ್ತಿಸಿದಳು. ಬಿಳಿ ಎರಡು ಒತ್ತಿದರೆ ಬರುವ ನಾದ ಬಿಳಿ ಎರಡಕ್ಕೂ ಅದರ ಪಕ್ಕದ ಕಪ್ಪು ಎರಡಕ್ಕೂ ನಡುವೆ ಇತ್ತು. ಜಗತ್ತಿನ ಯಾವ ವಾದ್ಯದಲ್ಲೂ ಇಲ್ಲದ ಮನೆಯಲ್ಲಿ ನಾವು ಇಷ್ಟು ವರ್ಷ ಸಂಸಾರ ಮಾಡಿದ್ದೆವು. ಗಿಟಾರು, ಬೇಸು, ಗಂಟಲು ಮೂರೂ ಒಟ್ಟಿಗೇ ತಪ್ಪಿದ್ದರಿಂದ ಯಾರಿಗೂ ತಪ್ಪು ಕೇಳಿಸಿರಲಿಲ್ಲ.

"ನಮ್ಮಪ್ಪನ ಕಾಲದಾಗೆ ಯಾವನೋ ಬಂದು ಒಳಗೆಲ್ಲ ಅರ ಹಾಕಿ ಉಜ್ಜಿದ್ದ," ಎಂದರು ಅಜ್ಜ, ಒಂದಿಷ್ಟೂ ಗಾಬರಿಯಿಲ್ಲದೆ. "ಅವಾಗ್ಲಿಂದ ಚೆನ್ನಾಗಿ ಕೂಗ್ತೈತೆ."

ಹಾರ್ಮೋನಿಯಂ ಒಳಗಿನ ಹಿತ್ತಾಳೆ ರೀಡಿನ, ಅಂದರೆ ನಾದ ಹೊರಡಿಸುವ ನಾಲಗೆಯ ತುದಿಯನ್ನು ಉಜ್ಜಿದರೆ ಅದು ಹಗುರಾಗಿ ನಾದ ಏರುತ್ತದೆ. ಆ ಪುಣ್ಯಾತ್ಮ ಎಲ್ಲವನ್ನೂ ಸಮವಾಗಿ ಉಜ್ಜಿದ್ದಾನೆ, ಅವನ ಕೈ ಚೆನ್ನಾಗಿಯೇ ಇತ್ತು. ಡ್ರಮ್ಸಿನವನು ನೆಲಕ್ಕೆ ಬಿದ್ದು ನಗುತ್ತಿದ್ದ. "ನಂದೊಂದೇ ಸರಿ ಐತೆ ನೋಡ್ರಿ," ಎಂದ.

ನಗು ಮುಗಿದ ಮೇಲೆ ಕೆಲಸ ಶುರುವಾಯಿತು. ಟ್ರಂಪೆಟ್ಟಿನಲ್ಲಿ ಎಳೆದು ತಳ್ಳುವ ಒಂದು ಕೊಳವೆ ಇದೆ, ಒಳಗೆ ತಳ್ಳಿದಷ್ಟೂ ಶ್ರುತಿ ಏರುತ್ತದೆ. ಮಾಸ್ಟರು ಅದನ್ನು ಪೂರ್ತಿ ತಳ್ಳಿದರು. ಸಾಲಲಿಲ್ಲ. ಹಿತ್ತಾಳೆ ವಾದ್ಯ ಬಿಸಿಯಾದರೂ ಶ್ರುತಿ ಏರುತ್ತದೆ, ಬೇಸಿಗೆಯ ಮೆರವಣಿಗೆಯಲ್ಲಿ ತಮಗೆ ಅದೇ ಕಾಟ ಎಂದು ಮಾಸ್ಟರು ಹೇಳಿದ್ದೇ ತಡ, ಡ್ರಮ್ಸಿನವನು ಆಟೋ ಸ್ಟಾರ್ಟ್ ಮಾಡಿ ಎಂಜಿನ್ ಮೇಲೆ ಬಟ್ಟೆ ಹಾಸಿ ಟ್ರಂಪೆಟ್ ಮಲಗಿಸಿದ. ಬಿಸಿಬಿಸಿಯಾಗಿ ತಂದು ಊದಿದಾಗ ಸ್ವಲ್ಪ ಏರಿತು, ಎರಡು ಸಾಲು ಊದುವಷ್ಟರಲ್ಲಿ ಮತ್ತೆ ಇಳಿಯಿತು. ಹೊರಗೆ ಆಷಾಢದ ಗಾಳಿ ಎಲ್ಲದರ ಬಿಸಿಯನ್ನೂ ಹೊತ್ತೊಯ್ಯುತ್ತಿತ್ತು.

"ತಡಿ, ತುಟಿನಾಗೇ ಎತ್ತಿ ಕೊಡ್ತೀನಿ," ಎಂದರು ಮಾಸ್ಟರು. ತುಟಿ ಬಿಗಿದು, ಮೌತ್‌ಪೀಸು ಒತ್ತಿಹಿಡಿದು ಊದಿದರೆ ನಾದವನ್ನು ಒಂದಿಷ್ಟು ಎತ್ತಬಹುದು. ಎತ್ತಿದರು. ಹಾಡಿನ ಮೊದಲರ್ಧದಲ್ಲಿ ಎಷ್ಟು ಚೆನ್ನಾಗಿ ಕೂತಿತೆಂದರೆ ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ತೆರೆದಾಗ ಗಾಯಕಿ ಅವರ ಕೈ ಹಿಡಿದು ನಿಲ್ಲಿಸುತ್ತಿದ್ದಳು. ಮೌತ್‌ಪೀಸಿನ ಅಂಚಿನಲ್ಲಿ ರಕ್ತ ಇತ್ತು. ಅವರು ಕೋಟಿನ ತೋಳಿನಲ್ಲಿ ಒರೆಸಿಕೊಂಡು, ಕೋಟು ಕೆಂಪು, ಕಾಣುವುದಿಲ್ಲ ಬಿಡಿ ಎಂದು ನಕ್ಕರು. ನಮಗೆ ಯಾರಿಗೂ ನಗು ಬರಲಿಲ್ಲ.

ಇನ್ನು ಉಳಿದದ್ದು ಕಂಪ್ಯೂಟರು. ಅವರು ತಮ್ಮ ಶ್ರುತಿಯಲ್ಲೇ ಆರಾಮವಾಗಿ ಊದಲಿ, ಆಮೇಲೆ ಅದನ್ನು ಲ್ಯಾಪ್‌ಟಾಪಿನಲ್ಲಿ ಏರಿಸಿ ಹಾಡಿಗೆ ಕೂರಿಸೋಣ ಎಂದ ಗಿಟಾರಿನವನು. ಅವನು ರಾಮಗಿರಿಯವನು, ಕಂಪ್ಯೂಟರು ರಿಪೇರಿ ಅವನ ಕಸುಬು. ಹಾಗೇ ಮಾಡಿದೆವು. ಏರಿಸಿದ್ದು ಹಾಡಿಗೆ ಸರಿಯಾಗಿ ಕೂತಿತು, ಹೊರಗಿನವರು ಕೇಳಿದರೆ ತಪ್ಪು ಹೇಳುವಂತಿರಲಿಲ್ಲ. ಮಾಸ್ಟರರ ಕಿವಿಗೆ ಹೆಡ್‌ಫೋನ್ ಹಾಕಿದೆ. ಅವರು ಕೊನೆಯವರೆಗೂ ಕೇಳಿದರು.

"ಚೆನ್ನಾಗೈತೆ," ಎಂದರು. ಆಮೇಲೆ, "ಯಾರು ಊದಿರಾದು?" ಎಂದರು.

ತಮಾಷೆಗೆ ಹೇಳಿದ್ದಲ್ಲ. ನಾನು ಮತ್ತೆ ಹಾಕಿ ಕೇಳಿದೆ. ಅವರು ಊದುವಾಗ ಪ್ರತಿ ನಾದದ ಶುರುವಿನಲ್ಲಿ ಒಂದು ಉಸಿರಿನ ಒರಟು ಇದೆ, ಅದು ಹೋಗಿ ನುಣ್ಣಗಾಗಿತ್ತು. ಯಾರು ಬೇಕಾದರೂ ಊದಿರಬಹುದಾದ ಟ್ರಂಪೆಟ್ಟಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಮಾಸ್ಟರು ದುರ್ಗದ ನನ್ನ ಅಂಗಡಿಗೆ ಬಂದರು. ಚೀಲದಿಂದ ಟ್ರಂಪೆಟ್ ತೆಗೆದು ಬೆಂಚಿನ ಮೇಲೆ, ತಾಮ್ರದ ತಂತಿಯ ಸುರುಳಿಗಳ ಪಕ್ಕ ಇಟ್ಟರು. ರಾತ್ರಿಯೆಲ್ಲ ಯೋಚನೆ ಮಾಡಿದ್ದಾರೆ, ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ನಿನ್ ಹತ್ರ ಗರಗಸ ಐತೆ, ಬೆಸುಗೆನೂ ಹಾಕ್ತೀಯ. ಈ ಕೊಳವೇನ ಇಷ್ಟ್ ಕುಯ್ದು ಗಿಡ್ಡ ಮಾಡು. ಶ್ರುತಿ ಏರ್ತೈತೆ."

"ಮಾಸ್ಟ್ರೇ, ಕುಯ್ದ್ರೆ ಬಾಕಿ ಕೊಳವೆಗಳ ಲೆಕ್ಕನೂ ತಪ್ತೈತೆ. ಆಮೇಲೆ ನಿಮ್ ಸೆಟ್ಟಿನ ಜತೆ ಹೊಂದಲ್ಲ."

"ಹಲ್ಲು ಹೋದ್ಮೇಲೆ ಯಾವ ಸೆಟ್ಟಪ್ಪ ನಂಗೆ? ಈ ಒಂದು ಹಾಡಿಗೆ ಬಂದ್ರೆ ಸಾಕು. ಕುಯ್ಯಿ."

ಬಟ್ಟೆ ಸುತ್ತಿ ಕೊಳವೆಯನ್ನು ಬೆಂಚಿನ ವೈಸಿಗೆ ಹಾಕಿ ಬಿಗಿದೆ. ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ಗರಗಸ ಇಟ್ಟೆ. ಮಾಸ್ಟರು ಬಾಗಿಲಿಗೆ ಹೋಗಿ ರಸ್ತೆ ಕಡೆ ಮುಖ ಮಾಡಿ ನಿಂತರು. ಆ ಟ್ರಂಪೆಟ್ಟಿನ ಮೈಯೆಲ್ಲ ನೆಗ್ಗು, ಬೆರಳು ಹಿಡಿಯುವ ಕಡೆ ಬಣ್ಣ ಹೋಗಿ ಬರೀ ಹಿತ್ತಾಳೆ ಮಿನುಗುತ್ತಿತ್ತು. ನನಗೆ ಯಾರ ಮೇಲೋ ಕೆಟ್ಟ ಸಿಟ್ಟು ಬಂತು. ಸರಿಯಾಗಿರುವ ವಾದ್ಯವನ್ನು ಕುಯ್ದು ತಪ್ಪಾಗಿರುವ ನಮ್ಮ ಹಾಡಿಗೆ ಹೊಂದಿಸಲು ಹೊರಟಿದ್ದೆವಲ್ಲ, ಅದನ್ನು ನೆನೆದು ಗರಗಸವನ್ನು ಬೆಂಚಿನ ಮೇಲೆ ಕುಕ್ಕಿದೆ.

"ಏರಿರೋರು ನಾವು, ಕುಯ್ಯಾದು ನಿಮ್ದಾ?" ಎಂದೆ. ದನಿ ಜೋರಾಗಿಯೇ ಬಂತು. "ನಾವು ಇಳೀತೀವಿ ಬಿಡ್ರಿ ಮಾಸ್ಟ್ರೇ. ಹಾಡನ್ನ ಹೊಸದಾಗಿ ಹೊಡ್ಯಾಣ, ನಿಮ್ ಶ್ರುತಿಗೆ."

ಅವರು ತಿರುಗಿ ನೋಡಿದರು. ವೈಸಿನಿಂದ ಬಿಡಿಸಿದ ಕೊಳವೆಯ ಮೇಲಿನ ಸುಣ್ಣದ ಗುರುತನ್ನು ಅಂಗಿಯ ಚುಂಗಿನಿಂದ ತುಂಬ ಹೊತ್ತು ಒರೆಸಿದರು.

ಇಳಿಯುತ್ತೇವೆ ಎಂದು ಹೇಳುವುದು ಸುಲಭ. ಕಂಪ್ಯೂಟರಿನಲ್ಲಿ ಇಳಿಸಿದರೆ ನಮ್ಮ ವಾದ್ಯಕ್ಕೂ ಗಂಟಲಿಗೂ ಆ ಟ್ರಂಪೆಟ್ಟಿಗಾದ ಗತಿಯೇ ಆಗುತ್ತಿತ್ತು. ಆ ಒಂದು ಹಾಡಿಗೆ ನಾವು ಬೇಸಿಗೆ ಪೂರ್ತಿ ಹಾಕಿದ್ದೆವು. ಅದರಲ್ಲಿ ಗಿಟಾರಿನವನು ಒಬ್ಬನೇ ಬಾರಿಸುವ ಒಂದು ಸೋಲೋ ಇತ್ತು. ಒಂದು ಸುಡುಬಿಸಿಲಿನ ಮಧ್ಯಾಹ್ನ ಹೇಗೋ ಏನೋ ಅವನ ಕೈಗೆ ಬಂದುಬಿಟ್ಟ ಸೋಲೋ, ಆಮೇಲೆ ಅವನಿಗೇ ಮತ್ತೆ ಅದು ಬಂದಿರಲಿಲ್ಲ. ಫೋನ್ ಮಾಡಿ ವಿಷಯ ಹೇಳಿದೆ.

"ನಿಂಗೇನ್ ತಲೆ ಕೆಟ್ಟೈತೇನಲೇ? ಅಳ್ಸಾದಾ? ಆ ಸೋಲೋ ಮತ್ತೆ ಬರಲ್ಲ."

"ಮಾಸ್ಟ್ರ ಹಲ್ಲೂ ಮತ್ತೆ ಬರಲ್ಲ."

ಫೋನಿಟ್ಟ. ನಾನು ಮಾಸ್ಟರಿಗೆ ಟೀ ತರಿಸಿ, ಬಿರುಸಿನಿಂದ ಯಾರದೋ ಪಂಪ್ ಮೋಟರಿನ ಕಾಯಿಲ್ ಬಿಚ್ಚತೊಡಗಿದೆ. ಅದು ಮುಗಿಯುವ ಮೊದಲೇ ಫೋನ್ ಬಂತು. "ದುರ್ಗದಾಗೆ ದಪ್ಪ ತಂತಿ ಸಿಗ್ತಾವೇನೋ ನೋಡಿ ತಗಂಡ್ ಬಾ. ಇಳಿಸಿದ್ರೆ ಇವು ಜರ್ ಅಂತಾವೆ," ಎಂದ. ಅವನ ಒಪ್ಪಿಗೆ ಯಾವಾಗಲೂ ಹೀಗೇ ಬರುವುದು.

ಅವನು ಹೇಳಿದ್ದು ನಿಜ. ಮೆಟಲ್ಲಿನ ಭಾರಕ್ಕಾಗಿ ಮೊದಲೇ ತಂತಿಗಳನ್ನು ಇಳಿಸಿ ಕಟ್ಟಿದ್ದೆವು. ಇನ್ನೂ ಇಳಿಸಿದರೆ ಸಡಿಲಾಗಿ ಕತ್ತಿನ ಮೇಲಿನ ಫ್ರೆಟ್ ಪಟ್ಟಿಗಳಿಗೆ ಬಡಿಯುತ್ತವೆ. ದಪ್ಪ ತಂತಿ ಹಾಕಿ, ಬೇಸಿನ ಕತ್ತಿನೊಳಗಿನ ಸರಳನ್ನು ತಿರುಪಿ ಸರಿಮಾಡಿಕೊಂಡೆ. ಇಳಿಸಿ ಹೊಡೆದು ನೋಡಿದರೆ ಎದೆಗೆ ತಾಗುವ ಸದ್ದು ಬಂತು. ಇಷ್ಟು ದಿನ ಹೀಗೇ ಬಾರಿಸಬಹುದಿತ್ತಲ್ಲ ಎಂದು ಗಿಟಾರಿನವನೇ ಹೇಳಿದ, ನಾನು ಕೇಳಿಸದವನ ಹಾಗೆ ಇದ್ದೆ.

ತೊಂದರೆ ಬಂದದ್ದು ನಾವು ನೆನೆಸದ ಕಡೆಯಿಂದ. ಹೊಸ ರೆಕಾರ್ಡಿಂಗಿನ ಮೊದಲ ದಿನ ಎಂದಿನಂತೆ ಅಜ್ಜ ಹಾರ್ಮೋನಿಯಂ ಒತ್ತಿದರು, ಪದ ಆಯಿತು, ನಾವು ಬಾರಿಸಿದೆವು. ಗಾಯಕಿ ಹೊಸ ಶ್ರುತಿಯಲ್ಲಿ ಸರಿಯಾಗಿಯೇ ಹಿಡಿಯುತ್ತಿದ್ದಳು, ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಅವಳ ಗಂಟಲು ತನಗೆ ತಾನೇ ಹಳೆಯ ಮನೆಗೆ ಏರಿಬಿಡುತ್ತಿತ್ತು. ಮತ್ತೆ ಶುರು ಮಾಡಿದರೆ ಮತ್ತೆ ಹಾಗೇ. ವರ್ಷಗಟ್ಟಲೆ ಆ ಪೆಟ್ಟಿಗೆಯ ನಾದ ಕೇಳಿಯೇ ಬಾಯಿ ತೆರೆದವಳು, ಅದು ಕಿವಿಗೆ ಬಿದ್ದ ಮೇಲೆ ಬೇರೆ ಕಡೆ ನಿಲ್ಲುವುದಾದರೂ ಹೇಗೆ. ಮಾಸ್ಟರು ಅವಳ ಹಿಂದೆ ಏರಲು ಹೋಗಿ ಮುಖ ಹಿಂಡುತ್ತಿದ್ದರು. ಸಂಜೆಯ ಹೊತ್ತಿಗೆ ಇಬ್ಬರೂ ಬಾಡಿದ್ದರು. ಅಮಾವಾಸ್ಯೆ ನಾಡಿದ್ದು ಎಂಬಲ್ಲಿಗೆ ಬಂದಿತ್ತು.

"ನನ್ನಿಂದ ಆಗ್ತಿಲ್ಲ. ಪದಾನೇ ಬಿಟ್ಬಿಡಾಣ್ವಾ ಒಂದ್ ದಿನ?" ಎಂದಳು ಗಾಯಕಿ.

ಅದನ್ನು ಅಜ್ಜನಿಗೆ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ಆ ಮನೆಯ ಬಾಗಿಲು ನಮಗೆ ತೆರೆದದ್ದೇ ಆ ಷರತ್ತಿನ ಮೇಲೆ. ತೋಟದ ಬಾವಿಯ ಹತ್ತಿರ ಕಾಯಿ ಸುಲಿಸುತ್ತ ಕೂತಿದ್ದ ಅವರ ಮುಂದೆ ನಿಂತು, ಹಾರ್ಮೋನಿಯಂ ಕೇಳಿದರೆ ನಮ್ಮ ಹಾಡು ಏರುತ್ತೆ, ಒಂದು ದಿನ ಬಿಡಬಹುದಾ ಎಂದು ಕೇಳಿದೆ.

"ಪದ ಬಿಡಂಗಿಲ್ಲ," ಎಂದರು ಅಜ್ಜ. ಅವರು ಕಾಯಿಯಿಂದ ತಲೆ ಎತ್ತಿದರು. "ಪದ ಮುಂದೆ ಆಗ್ಲಿ ಅಂದಿದ್ದೆ. ಪೆಟ್ಗೆನೇ ಬೇಕು ಅಂತ ನಾನ್ ಯಾವತ್ ಅಂದೆ? ಬರೇ ಬಾಯಾಗ್ ಹಾಡ್ರಿ. ಇಲ್ಲ ಆ ಮಾಸ್ಟ್ರು ಊದ್ಲಿ. ಶ್ರುತಿ ಯಾರ್ ಕೊಟ್ರೇನು."

ಇಷ್ಟು ಸರಳ ಮಾತು ನಮಗೆ ಯಾರಿಗೂ ಹೊಳೆದಿರಲಿಲ್ಲ. ಅವರ ಕೈಯಿಂದ ಒಂದು ಎಳನೀರು ಇಸಿದುಕೊಂಡು ಕುಡಿದು, ಬಂದು ಸುದ್ದಿ ಹೇಳಿದೆ.

ಮರುದಿನ ಬೆಳಿಗ್ಗೆ ಹಾರ್ಮೋನಿಯಂ ಅಜ್ಜನ ಮನೆಗೆ ಹೋಯಿತು. 

ಹಿಂದೆಲ್ಲ ಒಂದೊಂದು ವಾದ್ಯವನ್ನೂ ಬೇರೆ ಬೇರೆ ದಿನ ರೆಕಾರ್ಡ್ ಮಾಡಿದ್ದೆವು, ಈಗ ಅದಕ್ಕೆ ಸಮಯವಿರಲಿಲ್ಲ. ಎಲ್ಲರೂ ಒಟ್ಟಿಗೆ ಬಾರಿಸುವುದು, ಬಂದರೆ ಬಂತು. ಗಾಳಿಗೆ ತಗಡು ಲಟಲಟ ಅನ್ನದ ಹಾಗೆ ಡ್ರಮ್ಸಿನವನು ಮಾಡು ಹತ್ತಿ ಸೈಜುಗಲ್ಲು ಹೇರಿಟ್ಟ. ಕಿಟಕಿಗಳಿಗೆ ಕಂಬಳಿ ಕಟ್ಟಿದೆವು. ಡ್ರಮ್ಸಿನ ಸದ್ದು ಟ್ರಂಪೆಟ್ಟಿನ ಮೈಕಿಗೆ ನುಗ್ಗದಿರಲಿ ಎಂದು ಮಾಸ್ಟರರನ್ನು ಪೂಜೆಯ ಸಾಮಾನಿಡುವ ಒಳಕೋಣೆಯಲ್ಲಿ ನಿಲ್ಲಿಸಿ, ಬಾಗಿಲನ್ನು ನಮ್ಮ ಮುಖ ಅವರಿಗೆ ಕಾಣುವಷ್ಟು ಮಾತ್ರ ತೆರೆದಿಟ್ಟೆ. ಹೆಡ್‌ಫೋನನ್ನು ಅವರು ಒಂದು ಕಿವಿಗೆ ಹಾಕಿ, ಇನ್ನೊಂದು ಕಿವಿ ಬಿಟ್ಟುಕೊಂಡರು. ಮನೆಯಿಂದ ಬಂದ ಬುತ್ತಿಯಲ್ಲಿ ಮುದ್ದೆ ಮತ್ತು ಸಾರು ಮಾತ್ರ ಇತ್ತು, ಮುದ್ದೆಗೆ ಹಲ್ಲಿನ ಹಂಗಿಲ್ಲ ಎಂದರು.

ಪದಕ್ಕೆ ಅಜ್ಜ ಬಂದು ಕೂತರು. ನಾನು ರೆಕಾರ್ಡಿಂಗ್ ಆಗಲೇ ಹಾಕಿಬಿಟ್ಟಿದ್ದೆ, ಆಮೇಲೆ ಗಡಿಬಿಡಿಯಲ್ಲಿ ಮರೆಯಬಾರದೆಂದು. ಮಾಸ್ಟರು ಶ್ರುತಿ ಕೊಟ್ಟರು. ಒತ್ತಲಿಲ್ಲ, ತಿಣುಕಲಿಲ್ಲ. ಒಂದು ಉದ್ದನೆಯ ನಾದ, ಆಮೇಲೆ ಆ ಪದದ ದಾಟಿಯನ್ನೇ ಒಂದು ಸಾಲು ಸುಮ್ಮನೆ ಊದಿದರು, ಪ್ರತಿ ಉಸಿರಿನ ಶುರುವಿನ ಆ ಒರಟಿನ ಸಮೇತ. ಗಾಯಕಿ ಅದನ್ನೇ ಹಿಡಿದು ಹಾಡಿದಳು. ಪದ ಮುಗಿಯುತ್ತಿದ್ದಂತೆ ಅಜ್ಜ ಎದ್ದು ಹೋಗಲಿಲ್ಲ. ಡ್ರಮ್ಸಿನವನು ಕೋಲು ತಟ್ಟಿದ, ನಾವು ಹಾಡಿಗೆ ಬಿದ್ದೆವು.

ಮೊದಲನೆಯದು ಗಿಟಾರಿನವನ ತಂತಿ ಹರಿದು ನಿಂತಿತು. ಎರಡನೆಯದರಲ್ಲಿ ನಾನೇ ಜಾಗ ತಪ್ಪಿ ಎಲ್ಲರಿಂದ ಬೈಸಿಕೊಂಡೆ. ಪ್ರತಿ ಸಲವೂ ಮಾಸ್ಟರು ಹೊಸದಾಗಿ ಶ್ರುತಿ ಕೊಟ್ಟರು, ಪದದ ಸಾಲು ಊದಿದರು. ಊಟದ ನಂತರ ಗಾಳಿ ಸ್ವಲ್ಪ ತಗ್ಗಿದಾಗ ಬಾರಿಸಿದ್ದು ಸರಿಯಾಗಿ ಬಂತು. ಗಾಯಕಿ ಕೊನೆಯ ಚರಣದವರೆಗೂ ಇಳಿದ ಶ್ರುತಿಯಲ್ಲೇ ಉಳಿದಳು, ಅವಳ ಕೂಗಿನ ಕೆಳಗೆ ಟ್ರಂಪೆಟ್ಟು ನುಗ್ಗಿಕೊಂಡು ಬಂತು. ನನ್ನ ಹೆಬ್ಬೆರಳಿನ ಬಡಿತಕ್ಕೂ ಅವರ ಊದಿಕೆಗೂ ಎಷ್ಟು ಹೊಂದಿತೆಂದರೆ, ಒಳಕೋಣೆಯ ಬಾಗಿಲ ಸಂದಿಯಲ್ಲಿ ಮಾಸ್ಟರು ನಿಂತಲ್ಲೇ ಮೆರವಣಿಗೆಯ ಹೆಜ್ಜೆ ಹಾಕುತ್ತಿದ್ದರು. ಗಿಟಾರಿನವನಿಗೆ ಹಳೆಯ ಸೋಲೋ ಬರಲಿಲ್ಲ. ಬೇರೆ ಒಂದು ಬಂತು, ಅದಕ್ಕಿಂತ ಚಿಕ್ಕದು, ಮಾಸ್ಟರು ನಡುವೆ ಬಿಟ್ಟ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿತು. ಬಾರಿಸಿ ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಅಲುಗಾಡಲಿಲ್ಲ, ಸದ್ದಾದರೆ ಮೈಕಿಗೆ ಬೀಳುತ್ತದಲ್ಲ ಎಂದು. ನನಗಂತೂ ಆ ದಿನದಷ್ಟು ಸಂತೋಷ ಯಾವ ವೇದಿಕೆಯ ಮೇಲೂ ಆಗಿಲ್ಲ.

ಅಮಾವಾಸ್ಯೆಯ ಮರುದಿನವೇ ಮಾಸ್ಟರರ ಎರಡೂ ಹಲ್ಲು ಹೋದವು. ನಾವು ಹಾಡಿನ ಕೆಲಸಕ್ಕೆ ಕೂತೆವು. ಶ್ರುತಿ ಕೊಟ್ಟು ಊದಿದ ಆ ಸಾಲನ್ನು ಕತ್ತರಿಸಿ ತೆಗೆಯಲು ಗಿಟಾರಿನವನೇ ಬಿಡಲಿಲ್ಲ. ಅದನ್ನೇ ಹಾಡಿನ ಮೊದಲಿಗೆ ಇಟ್ಟೆವು. ಮೊದಲು ಟ್ರಂಪೆಟ್ ಒಂದೇ, ಬೇರೆ ಏನೂ ಇಲ್ಲ, ಆಮೇಲೆ ಕೋಲಿನ ಸದ್ದು, ಆಮೇಲೆ ನಾವೆಲ್ಲ.

ಹಾಡು ಪೂರ್ತಿ ಸಿದ್ಧವಾದ ಮೇಲೆ ನಾನೂ ಗಾಯಕಿಯೂ ಒಂದು ಬೆಳಿಗ್ಗೆ ಸ್ಪೀಕರ್ ಹೊತ್ತುಕೊಂಡು ಹಿರಿಯೂರಿಗೆ ಹೋದೆವು. ಮಾಸ್ಟರು ಬಾಯಿಗೆ ಟವೆಲ್ ಅಡ್ಡ ಹಿಡಿದು ಮಂಚದ ಮೇಲೆ ಕೂತಿದ್ದರು. ಮುಖ ಇಳಿದಿತ್ತು. ಮಾತಾಡಿದರೆ ಗಾಳಿ ಹೋಗುತ್ತದೆಂದು ನಾಚಿಕೆ, ಎಲ್ಲದಕ್ಕೂ ಕೈ ಸನ್ನೆ. ಅವರ ಹೆಂಡತಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರು, ಅಲ್ಲಿಂದಲೇ ಕೂತ್ಕಳ್ರಿ ಬಂದೆ ಎಂದರು. ನಾನು ಸ್ಪೀಕರನ್ನು ಮಂಚದ ಮೇಲೆ ಮಾಸ್ಟರರ ಮಗ್ಗುಲಿಗೆ ಇಟ್ಟು, ದನಿ ದೊಡ್ಡದು ಮಾಡಿ, ಹಾಕಿದೆ.

ಉದ್ದನೆಯ ನಾದ ಮನೆ ತುಂಬಿತು. ಪದದ ಸಾಲು ಶುರುವಾಗುತ್ತಿದ್ದಂತೆ ಹಿತ್ತಲಲ್ಲಿ ಪಾತ್ರೆ ದಡಾರೆಂದು ಬಿತ್ತು. ಕೈಯೆಲ್ಲ ಬೂದಿ ಮಾಡಿಕೊಂಡು ಅವರ ಹೆಂಡತಿ ನಡುಮನೆ ದಾಟಿ ಬರುತ್ತಲೇ ಬೈಯತೊಡಗಿದ್ದರು.

"ಏನ್ರೀ, ಬುದ್ಧಿ ಐತಾ ನಿಮ್ಗೆ? ಹಸಿ ಗಾಯ ಇನ್ನೂ ಒಣಗಿಲ್ಲ, ಆಗ್ಲೇ ಬಾಯಿಗೆ ಇಟ್ಕಂಡ್ರಾ ಅದನ್ನ? ಆ ಡಾಕ್ಟ್ರು ಅಷ್ಟ್ ಹೇಳಿದ್ದು ಕಿವಿಗೆ ಬೀಳ್ಲಿಲ್ವಾ? ಕೆಳಗಿಡ್ರಿ ಮೊದ್ಲು, ಕೆಳಗಿಡ್ರಿ ಅಂದೆ."

ಬಾಗಿಲಿಗೆ ಬಂದವರು ಅಲ್ಲೇ ನಿಂತರು. ಟ್ರಂಪೆಟ್ಟು ಚೀಲದೊಳಗೆ, ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಮಾಸ್ಟರರ ಎರಡೂ ಕೈ ತೊಡೆಯ ಮೇಲಿದ್ದವು. ನಾದ ನಿಲ್ಲದೆ ಬರುತ್ತಲೇ ಇತ್ತು. ಅವರು ಗಂಡನ ಮುಖ ನೋಡಿದರು, ಸ್ಪೀಕರ್ ನೋಡಿದರು, ಮತ್ತೆ ಗಂಡನ ಮುಖ ನೋಡಿದರು.

ಮಾಸ್ಟರು ಬಾಯಿಂದ ಟವೆಲ್ ತೆಗೆದರು. ಮುಂದಿನ ಹಲ್ಲಿಲ್ಲದ ಆ ಬಾಯನ್ನು ಪೂರ್ತಿ ತೆರೆದು ನಗುತ್ತ, "ಬೈಯಿ, ಇನ್ನೂ ಬೈಯಿ," ಎಂದರು.